ಹೊಸ ಕಿಡ್ನಿ ಬಂದ ಮೇಲೆ ಶುಗರ್ ಯಾಕೆ ಬರುತ್ತದೆ? ಹೊಟ್ಟೆಯ ಕೊಬ್ಬಿನದೂ ಒಂದು ಪಾಲಿದೆ

ಕಿಡ್ನಿ ಕಸಿ ಮಾಡಿಸಿಕೊಂಡವರ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ: "ಡಯಾಲಿಸಿಸ್ ನಡೀತಿದ್ದಾಗ ಶುಗರ್ ಇರಲೇ ಇಲ್ಲ, ಕಿಡ್ನಿ ಹಾಕಿಸಿದ ಮೇಲೆ ಬಂತು ನೋಡಿ." ಕೆಲವರಿಗಂತೂ ಕಿಡ್ನಿ ಕೊಟ್ಟವರ ಮೇಲೇ ಅನುಮಾನ. ಅಕ್ಕನ ಕಿಡ್ನಿ ಜೊತೆಗೆ ಅಕ್ಕನ ಶುಗರ್ರೂ ಬಂದುಬಿಟ್ಟಿತೇನೋ ಅಂತ. ಹಾಗೆಲ್ಲ ಬರುವುದಿಲ್ಲ. ಶುಗರ್ ಇರುವುದೂ ಇಲ್ಲದಿರುವುದೂ ಪಡೆದವರ ಮೈಯ ವಿಷಯ, ಅವರ ಮೇದೋಜೀರಕ, ಲಿವರ್, ಸ್ನಾಯು ಮತ್ತು ಕೊಬ್ಬಿನ ವಿಷಯ. ಈ ಕೊನೆಯದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಅದಕ್ಕೇ ಈ ಬರಹ.

ಮೊದಲು ಇದು ಎಷ್ಟು ಸಾಮಾನ್ಯ ಅಂತ ನೋಡೋಣ. ಕಸಿಗೆ ಮುಂಚೆ ಶುಗರ್ ಇಲ್ಲದಿದ್ದವರಲ್ಲಿ ನೂರಕ್ಕೆ 10ರಿಂದ 40 ಜನಕ್ಕೆ ಆಮೇಲೆ ಬರುತ್ತದೆ ಅಂತ ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಇದೇನು, 10ಕ್ಕೂ 40ಕ್ಕೂ ಇಷ್ಟು ಅಂತರ ಅನ್ನಿಸಬಹುದು. ಯಾವ ಪರೀಕ್ಷೆ ಮಾಡಿದರು, ಎಷ್ಟು ಕಾಲ ಕಾದು ನೋಡಿದರು, ಯಾವ ಮಾತ್ರೆ ಕೊಟ್ಟಿದ್ದರು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಡಾಕ್ಟರುಗಳು ಇದನ್ನು ಪಿಟಿಡಿಎಂ, ಅಂದರೆ ಕಸಿಯ ನಂತರ ಬರುವ ಶುಗರ್, ಅನ್ನುತ್ತಾರೆ. ಹಗುರವಾಗಿ ತೆಗೆದುಕೊಳ್ಳುವ ವಿಷಯ ಅಲ್ಲ. ಹೃದಯದ ಕಾಯಿಲೆ ಮತ್ತು ಸೋಂಕು, ಇವೆರಡರ ಅಪಾಯವನ್ನೂ ಅದು ಹೆಚ್ಚಿಸುತ್ತದೆ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಕಸಿಯಾದವರು ತೀರಿಕೊಳ್ಳುವ ದೊಡ್ಡ ಕಾರಣಗಳಲ್ಲಿ ಇವೇ ಮುಂದಿನ ಸಾಲಿನಲ್ಲಿವೆ.

ಡಯಾಲಿಸಿಸ್ ಸಮಯದಲ್ಲಿ ಶುಗರ್ ಇರಲಿಲ್ಲ ಅನ್ನುವ ಮಾತನ್ನು ಸ್ವಲ್ಪ ಕೆದಕಬೇಕು. ಎಷ್ಟೋ ಜನರಿಗೆ ಆಗಲೇ ಶುಗರಿನ ಬೀಜ ಇರುತ್ತದೆ, ಕಾಣುತ್ತಿರುವುದಿಲ್ಲ ಅಷ್ಟೇ. ನಮ್ಮ ಮೈಯಲ್ಲಿ ಓಡಾಡುವ ಇನ್ಸುಲಿನ್ನಿನ ಒಂದು ದೊಡ್ಡ ಪಾಲನ್ನು ಒಡೆದು ಮುಗಿಸುವುದು ಕಿಡ್ನಿಯ ಕೆಲಸ. ಕಿಡ್ನಿ ಕೆಟ್ಟರೆ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹಳೇ ಶುಗರ್ ರೋಗಿಗಳಿಗೂ ಕಿಡ್ನಿ ಸೋಲುತ್ತಾ ಬಂದಂತೆ ಇನ್ಸುಲಿನ್ ಡೋಸ್ ಕಡಿಮೆ ಮಾಡಬೇಕಾಗಿ ಬರುವುದು ಇದಕ್ಕೇ. ಜೊತೆಗೆ ಕಿಡ್ನಿ ತಾನೇ ಸ್ವಲ್ಪ ಗ್ಲೂಕೋಸ್ ತಯಾರಿಸುತ್ತದೆ. ಸೋತ ಕಿಡ್ನಿಗೆ ಆ ಶಕ್ತಿಯೂ ಕಡಿಮೆ. ಮೇಲಿಂದ ಬಾಯಿರುಚಿ ಇಲ್ಲ, ಊಟ ಅರ್ಧಕ್ಕರ್ಧ. ಹೀಗಾಗಿ ರಿಪೋರ್ಟಿನಲ್ಲಿ ಶುಗರ್ ಚೆನ್ನಾಗಿ ಕಾಣುತ್ತದೆ. ಹೊಸ ಕಿಡ್ನಿ ಬಂದು ಕೆಲಸ ಶುರು ಮಾಡಿದ ಕೂಡಲೇ ಇನ್ಸುಲಿನ್ ಬೇಗ ಬೇಗ ಖಾಲಿಯಾಗುತ್ತದೆ, ಗ್ಲೂಕೋಸ್ ತಯಾರಿ ಮರಳುತ್ತದೆ, ಹಸಿವೂ ಮರಳುತ್ತದೆ. ಮುಚ್ಚಿದ್ದೆಲ್ಲ ಹೊರಗೆ ಬರುತ್ತದೆ.

ಆಮೇಲೆ ಮಾತ್ರೆಗಳು. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ ಕೊಡುವ ಮಾತ್ರೆಗಳಲ್ಲಿ ಎರಡರದ್ದು ಶುಗರ್ ವಿಷಯದಲ್ಲಿ ದೊಡ್ಡ ಕೈ. ಒಂದು ಟ್ಯಾಕ್ರೋಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯಲ್ಲಿ ಸಿಕ್ಕಿದ ಔಷಧ ಇದು. ರೋಗನಿರೋಧಕ ವ್ಯವಸ್ಥೆಯ ಟಿ ಕಣಗಳು ಎಚ್ಚರಗೊಳ್ಳಲು ಕ್ಯಾಲ್ಸಿನ್ಯೂರಿನ್ ಎಂಬ ಪ್ರೋಟೀನ್ ಬೇಕು, ಟ್ಯಾಕ್ರೋಲಿಮಸ್ ಅದನ್ನು ಹಿಡಿದು ನಿಲ್ಲಿಸುತ್ತದೆ. ತೊಂದರೆ ಏನೆಂದರೆ, ಮೇದೋಜೀರಕದ ಬೀಟಾ ಕಣಗಳೂ ಇನ್ಸುಲಿನ್ ತಯಾರಿಸಲು ಇದೇ ಕ್ಯಾಲ್ಸಿನ್ಯೂರಿನ್ನನ್ನು ನಂಬಿಕೊಂಡಿವೆ. ಟಿ ಕಣಕ್ಕೆ ಹೊಡೆದ ಏಟು ಬೀಟಾ ಕಣಕ್ಕೂ ಬೀಳುತ್ತದೆ. 2007ರಲ್ಲಿ ಪ್ರಕಟವಾದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ 6 ತಿಂಗಳ ಹೊತ್ತಿಗೆ ಶುಗರ್ ಬಂದವರು ಅಥವಾ ಖಾಲಿ ಹೊಟ್ಟೆಯ ಶುಗರ್ ಏರಿದವರು ಟ್ಯಾಕ್ರೋಲಿಮಸ್ ಗುಂಪಿನಲ್ಲಿ ಶೇ. 33.6, ಅದೇ ಕೆಲಸಕ್ಕೆ ಕೊಡುವ ಹಳೆಯ ಔಷಧ ಸೈಕ್ಲೋಸ್ಪೋರಿನ್ ಗುಂಪಿನಲ್ಲಿ ಶೇ. 26. ಹಾಗಿದ್ದರೂ ಇವತ್ತು ಹೆಚ್ಚಿನ ಕಡೆ ಟ್ಯಾಕ್ರೋಲಿಮಸ್ಸನ್ನೇ ಕೊಡುತ್ತಾರೆ, ಯಾಕೆಂದರೆ ಕಿಡ್ನಿಯನ್ನು ತಿರಸ್ಕಾರದಿಂದ ಕಾಪಾಡುವುದರಲ್ಲಿ ಅದು ಮುಂದಿದೆ. ಮೊದಲು ಕಿಡ್ನಿ ಉಳಿಯಬೇಕಲ್ವಾ.

ಎರಡನೆಯದು ಸ್ಟೀರಾಯ್ಡ್, ಅಂದರೆ ಪ್ರೆಡ್ನಿಸೊಲೋನ್. ಲಿವರ್ ಜಾಸ್ತಿ ಸಕ್ಕರೆ ಬಿಡುವ ಹಾಗೆ ಮಾಡುತ್ತದೆ, ಸ್ನಾಯುಗಳು ಇನ್ಸುಲಿನ್ ಮಾತು ಕೇಳದ ಹಾಗೆ ಮಾಡುತ್ತದೆ, ಹಸಿವನ್ನು ಕೆರಳಿಸುತ್ತದೆ. ಮುಖ ದುಂಡಗಾಗುವುದು, ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬರುವುದು ಇದರ ಗುರುತು. ಈ ಹೊಟ್ಟೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಒಂದೇ ವಾರ್ಡು, ಒಂದೇ ಮಾತ್ರೆ, ಹೆಚ್ಚುಕಡಿಮೆ ಒಂದೇ ಡೋಸು. ಒಬ್ಬರಿಗೆ ಶುಗರ್ ಬರುತ್ತದೆ, ಪಕ್ಕದ ಹಾಸಿಗೆಯವರಿಗೆ ಬರುವುದಿಲ್ಲ. ಯಾಕೆ? ವಯಸ್ಸು, ಅಪ್ಪ ಅಮ್ಮನಿಗೆ ಶುಗರ್ ಇದ್ದದ್ದು, ಹೆಪಟೈಟಿಸ್ ಸಿ ಸೋಂಕು ಇವೆಲ್ಲ ಒಂದಷ್ಟು ಉತ್ತರ ಕೊಡುತ್ತವೆ. ಇನ್ನೊಂದಷ್ಟು ಉತ್ತರ ಕೊಬ್ಬಿನಲ್ಲಿದೆ.

ಕೊಬ್ಬು ಅಂದರೆ ಉಳಿದ ಅನ್ನ ಕೂಡಿಟ್ಟ ಜಾಗ ಅಂತಲೇ ಬಹಳ ಕಾಲ ವಿಜ್ಞಾನಿಗಳೂ ತಿಳಿದಿದ್ದರು. 1949ರಲ್ಲಿ ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಎಷ್ಟು ತಿಂದರೂ ಹೊಟ್ಟೆ ತುಂಬದ, ಉರುಟಾಗಿ ಊದಿಕೊಂಡ ಒಂದು ಇಲಿಯ ತಳಿ ಸಿಕ್ಕಿತು. ಅದಕ್ಕೆ ಏನು ಕೊರತೆ ಅಂತ ಗೊತ್ತಾಗಲು ನಾಲ್ಕು ದಶಕಕ್ಕೂ ಹೆಚ್ಚು ಬೇಕಾಯಿತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಉತ್ತರ ಹುಡುಕಿದರು: ಆ ಇಲಿಗಳ ಕೊಬ್ಬು ಲೆಪ್ಟಿನ್ ಎಂಬ ಹಾರ್ಮೋನ್ ಮಾಡುತ್ತಿರಲಿಲ್ಲ. ಇಷ್ಟು ದಾಸ್ತಾನು ಇದೆ, ಇನ್ನು ಸಾಕು ಅಂತ ಕೊಬ್ಬು ಮಿದುಳಿಗೆ ಹೇಳಿ ಕಳಿಸುವುದೇ ಈ ಲೆಪ್ಟಿನ್ ಮೂಲಕ. ಮರುವರ್ಷವೇ ಅಡಿಪೋನೆಕ್ಟಿನ್ ಎಂಬ ಇನ್ನೊಂದು ಸಿಕ್ಕಿತು. ಆಮೇಲೆ ರೆಸಿಸ್ಟಿನ್, ಮತ್ತೊಂದು ಮಗದೊಂದು ಅಂತ ಪಟ್ಟಿ ಬೆಳೆಯುತ್ತಾ ಹೋಯಿತು. ಎಲ್ಲಕ್ಕೂ ಸೇರಿಸಿ ಅಡಿಪೋಕೈನ್ ಅನ್ನುತ್ತಾರೆ. ಪಟ್ಟಿಯಲ್ಲಿ ಅರ್ಧದ್ದು ನಮಗೆ ಬೇಡ. ಅಡಿಪೋನೆಕ್ಟಿನ್ ಬೇಕು, ಲೆಪ್ಟಿನ್ ಸ್ವಲ್ಪ ಬೇಕು.

ಅಡಿಪೋನೆಕ್ಟಿನ್ ಒಳ್ಳೆಯ ಹಾರ್ಮೋನ್. ಸ್ನಾಯು ಮತ್ತು ಲಿವರ್‌ನ ಕಣಗಳ ಮೇಲೆ ಇದನ್ನು ಹಿಡಿದುಕೊಳ್ಳಲೆಂದೇ ಗ್ರಾಹಕಗಳಿವೆ. ಅಲ್ಲಿ ಹೋಗಿ ಕೂತರೆ ಸ್ನಾಯು ಕೊಬ್ಬನ್ನು ಉರಿಸುತ್ತದೆ, ಲಿವರ್ ಸಕ್ಕರೆ ಬಿಡುವುದನ್ನು ಕಡಿಮೆ ಮಾಡುತ್ತದೆ, ಇನ್ಸುಲಿನ್‌ಗೆ ಮೈ ಚೆನ್ನಾಗಿ ಸ್ಪಂದಿಸುತ್ತದೆ. ಉರಿಯೂತವನ್ನೂ ತಗ್ಗಿಸುತ್ತದೆ. ರಕ್ತದಲ್ಲಿ ಇದರ ಪ್ರಮಾಣವೂ ಬೇರೆ ಹಾರ್ಮೋನ್‌ಗಳಿಗೆ ಹೋಲಿಸಿದರೆ ಬಲು ಜಾಸ್ತಿ. ಇನ್ಸುಲಿನ್ನಿನದು ಅದರ ಮುಂದೆ ಚಿಟಿಕೆಯೂ ಅಲ್ಲ.

ವಿಚಿತ್ರ ಏನು ಗೊತ್ತಾ? ಇದನ್ನು ತಯಾರಿಸುವುದು ಕೊಬ್ಬೇ, ಆದರೆ ಕೊಬ್ಬು ಜಾಸ್ತಿಯಾದಷ್ಟೂ ಇದು ಕಡಿಮೆಯಾಗುತ್ತದೆ. ಲೆಪ್ಟಿನ್ ಹಾಗಲ್ಲ, ಕೊಬ್ಬು ಏರಿದಂತೆ ಅದೂ ಏರುತ್ತದೆ (ಏರಿ ಏರಿ ಕೊನೆಗೆ ಮಿದುಳು ಅದರ ಮಾತಿಗೆ ಕಿವಿಗೊಡುವುದನ್ನೇ ಬಿಟ್ಟುಬಿಡುತ್ತದೆ, ಅದು ಬೇರೆ ಮಾತು). ಅಡಿಪೋನೆಕ್ಟಿನ್ ಮಾತ್ರ ಯಾಕೆ ಉಲ್ಟಾ? ಕೊಬ್ಬಿನ ಕಣ ಅತಿಯಾಗಿ ಉಬ್ಬಿದಾಗ ಅದಕ್ಕೆ ಆಮ್ಲಜನಕ ಸಾಲುವುದಿಲ್ಲ. ಉರಿಯೂತದ ಕಣಗಳು ಬಂದು ಮುತ್ತಿಕೊಳ್ಳುತ್ತವೆ. ಅವು ಬಿಡುವ ಟಿಎನ್ಎಫ್ ಆಲ್ಫಾದಂಥ ರಾಸಾಯನಿಕಗಳು ಅಡಿಪೋನೆಕ್ಟಿನ್ ತಯಾರಿಕೆಯನ್ನೇ ಅದುಮುತ್ತವೆ. ಇದೆಲ್ಲ ಹೆಚ್ಚು ಆಗುವುದು ಹೊಟ್ಟೆಯ ಒಳಗೆ, ಕರುಳಿನ ಸುತ್ತ ಇರುವ ಕೊಬ್ಬಿನಲ್ಲಿ. ತೊಡೆ, ಸೊಂಟದ ಕೆಳಗೆ ಚರ್ಮದಡಿ ಇರುವ ಕೊಬ್ಬು ಅಷ್ಟು ಕೇಡಿಗನಲ್ಲ. ಅಲ್ಲಿ ಜಾಗ ಇರುವ ತನಕ ಪರವಾಗಿಲ್ಲ. ಕಣಜ ತುಂಬಿದ ಮೇಲೆ ರಾಗಿ ಪಡಸಾಲೆ ನಡುಮನೆಯಲ್ಲೆಲ್ಲ ಚೆಲ್ಲಿದ ಹಾಗೆ, ಉಳಿದ ಕೊಬ್ಬು ಲಿವರ್‌ಗೆ, ಸ್ನಾಯುವಿಗೆ, ಮೇದೋಜೀರಕಕ್ಕೆ ಹೋಗಿ ಸೇರಿಕೊಳ್ಳುತ್ತದೆ. ಅಲ್ಲಿಂದ ಇನ್ಸುಲಿನ್‌ಗೆ ಕಷ್ಟ ಶುರು.

ಈಗ ಕಿಡ್ನಿ ರೋಗಿಯ ಮೈಗೆ ಬರೋಣ. ಇಲ್ಲಿ ಲೆಕ್ಕ ಸ್ವಲ್ಪ ಗೋಜಲು, ನಿಧಾನವಾಗಿ ಓದಿ.

ಲೆಪ್ಟಿನ್, ಅಡಿಪೋನೆಕ್ಟಿನ್ ಎರಡನ್ನೂ ರಕ್ತದಿಂದ ತೆಗೆಯುವುದರಲ್ಲಿ ಕಿಡ್ನಿಗೆ ಪಾತ್ರವಿದೆ. ಕಿಡ್ನಿ ಸೋತರೆ ಎರಡೂ ಏರುತ್ತವೆ. ಡಯಾಲಿಸಿಸ್‌ನಲ್ಲಿ ಇರುವವರ ಅಡಿಪೋನೆಕ್ಟಿನ್ ಆರೋಗ್ಯವಂತರದಕ್ಕಿಂತ ಎರಡು ಮೂರು ಪಟ್ಟು ಇರುತ್ತದೆ. ಹಾಗಾದರೆ ಒಳ್ಳೇದೇ ಆಯಿತಲ್ಲ, ಶುಗರ್ ಬರಲೇಬಾರದು ಅನ್ನಿಸುತ್ತದೆ. ಹಾಗಿಲ್ಲ. ಕಿಡ್ನಿ ಸೋತವರ ಮೈಯೇ ಇನ್ಸುಲಿನ್‌ಗೆ ಮಂದವಾಗಿರುತ್ತದೆ, ರಕ್ತದಲ್ಲಿ ಉಳಿದ ಕಲ್ಮಶ, ಆಮ್ಲೀಯತೆ, ಉರಿಯೂತ ಎಲ್ಲ ಅದಕ್ಕೆ ಕಾರಣ. ಅಡಿಪೋನೆಕ್ಟಿನ್ ರಾಶಿ ಇದ್ದರೂ ಅದರ ಕೆಲಸ ಅದಕ್ಕೆ ತಕ್ಕಷ್ಟು ನಡೆಯುತ್ತಿಲ್ಲ ಅಂತ ಅರ್ಥ. ಅಷ್ಟೇ ಅಲ್ಲ, ಸೊರಗಿ ಸ್ನಾಯು ಕರಗಿದವರಲ್ಲೂ ಅಡಿಪೋನೆಕ್ಟಿನ್ ಮೇಲೇರುತ್ತದೆ. ಕಿಡ್ನಿ ಕಾಯಿಲೆಯ ಕೆಲವು ಅಧ್ಯಯನಗಳಲ್ಲಿ ಜಾಸ್ತಿ ಅಡಿಪೋನೆಕ್ಟಿನ್ ಇದ್ದವರಲ್ಲೇ ಸಾವು ಹೆಚ್ಚು ಕಂಡದ್ದು ಇದೇ ಕಾರಣಕ್ಕಿರಬಹುದು. ಒಳ್ಳೆಯ ಹಾರ್ಮೋನ್ ಅಂತ ಈಗಷ್ಟೇ ಹೊಗಳಿದ್ದು, ನೋಡಿ ಎಷ್ಟು ಬೇಗ ಕೈಕೊಡುತ್ತದೆ.

ಕಸಿಯಾದ ಮೇಲೆ ಹೊಸ ಕಿಡ್ನಿ ಇವೆರಡನ್ನೂ ತೆಗೆಯಲು ಶುರು ಮಾಡುತ್ತದೆ. ಲೆಪ್ಟಿನ್ ಬೇಗ ಇಳಿಯುತ್ತದೆ, ಮುಂದಿನ ತಿಂಗಳುಗಳಲ್ಲಿ ತೂಕ ಏರಿದಂತೆ ಮತ್ತೆ ಹತ್ತುತ್ತದೆ. ಅಡಿಪೋನೆಕ್ಟಿನ್ ಇಳಿಯುತ್ತದೆ, ಹೊಟ್ಟೆ ಬೆಳೆದರೆ ಇನ್ನಷ್ಟು ಇಳಿಯುತ್ತದೆ. ಅಂದರೆ ಒಬ್ಬರದೇ ರಕ್ತವನ್ನು ಡಯಾಲಿಸಿಸ್ ಸಮಯದಲ್ಲಿ ಒಮ್ಮೆ, ಕಸಿಯಾದ ತಿಂಗಳಿಗೆ ಒಮ್ಮೆ, ವರ್ಷದ ಮೇಲೆ ಒಮ್ಮೆ ನೋಡಿದರೆ ಮೂರು ಬೇರೆ ಬೇರೆ ಅಂಕಿ ಬರುತ್ತವೆ, ಮೂರಕ್ಕೂ ಬೇರೆ ಬೇರೆ ಅರ್ಥ.

ಇಷ್ಟೆಲ್ಲ ಗೊಂದಲದ ನಡುವೆಯೂ ಒಂದು ಸಂಗತಿ ಎದ್ದು ಕಂಡಿದೆ. ಸ್ಪೇನಿನ ತಂಡವೊಂದು 2004ರಲ್ಲಿ ಇದನ್ನು ಗಮನಕ್ಕೆ ತಂದಿತು: ಕಸಿಯಾದವರಲ್ಲಿ ಯಾರ ಅಡಿಪೋನೆಕ್ಟಿನ್ ಉಳಿದವರಿಗಿಂತ ಕಡಿಮೆ ಇತ್ತೋ ಅವರಲ್ಲಿ ಶುಗರ್ ಹೆಚ್ಚು. ಆಮೇಲೆ ಬೇರೆ ಕಡೆಯ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿದವು. ಎಲ್ಲರದೂ ಏರಿರುವಾಗಲೂ ಒಬ್ಬರದು ತಕ್ಕಷ್ಟು ಏರಿಲ್ಲ ಅಂದರೆ, ಅವರ ಹೊಟ್ಟೆಯ ಕೊಬ್ಬು ಆಗಲೇ ಸುಸ್ತಾಗಿದೆ ಅಂತ ಓದಿಕೊಳ್ಳಬಹುದು. ಅವರ ಬೀಟಾ ಕಣಗಳು ಕಸಿಗೆ ಮುಂಚಿನಿಂದಲೂ ಹೆಚ್ಚಿನ ದುಡಿತದಲ್ಲೇ ಇರುತ್ತವೆ. ಅದರ ಮೇಲೆ ಸ್ಟೀರಾಯ್ಡ್ ಬಂದು ಇನ್ಸುಲಿನ್ ಇನ್ನೂ ಬೇಕು ಅನ್ನುತ್ತದೆ, ಟ್ಯಾಕ್ರೋಲಿಮಸ್ ಬಂದು ಇಷ್ಟೇ ಕೊಡಲಾಗುವುದು ಅನ್ನುತ್ತದೆ. ಪಕ್ಕದ ಹಾಸಿಗೆಯವರಿಗೂ ಇದೇ ಎರಡು ಮಾತ್ರೆ, ಆದರೆ ಅವರ ಬೀಟಾ ಕಣಗಳಿಗೆ ಇನ್ನೂ ಸ್ವಲ್ಪ ಬಿಡುವಿತ್ತು. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ಮಾತ್ರೆ ಶುಗರನ್ನು ಹೊರಗೆ ತರುತ್ತದೆ, ಯಾರಲ್ಲಿ ತರುತ್ತದೆ ಅನ್ನುವುದನ್ನು ಹೆಚ್ಚಾಗಿ ಮೈಯಲ್ಲಿ ಮೊದಲೇ ಇದ್ದ ಸ್ಥಿತಿ ತೀರ್ಮಾನಿಸುತ್ತದೆ. ಕಡಿಮೆ ಅಡಿಪೋನೆಕ್ಟಿನ್ ಕಾರಣವೇ ಅಥವಾ ಬರೀ ಗುರುತೇ ಅನ್ನುವ ವಾದ ನಡೆದೇ ಇದೆ, ಅದರಲ್ಲಿ ತಲೆ ಹಾಕುವುದು ಬೇಡ.

"ನಾನು ಸಣ್ಣಗಿದ್ದೀನಿ, ನನಗೆಲ್ಲಿಯ ಬೊಜ್ಜು?" ಅನ್ನುವವರಿಗೆ ಒಂದು ಫೋಟೋ ತೋರಿಸಬೇಕು. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಇಬ್ಬರು ಡಾಕ್ಟರುಗಳು ಪಕ್ಕಪಕ್ಕ ನಿಂತಿದ್ದಾರೆ: ಪುಣೆಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯೂಡ್ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ನೋಡಿದರೆ ಇಬ್ಬರೂ ಸಪೂರ. ಆದರೆ ಮೈಯಲ್ಲಿರುವ ಕೊಬ್ಬು ಅಳೆದರೆ ಯೂಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ತೂಕದ ಯಂತ್ರಕ್ಕೆ ಇದು ಕಾಣುವುದೇ ಇಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಅಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆದ ಅಧ್ಯಯನದಲ್ಲೂ ಇದೇ ಕಂಡಿತು. ಇಂಗ್ಲೆಂಡಿನ ಮಕ್ಕಳಿಗೆ ಹೋಲಿಸಿದರೆ ಇಲ್ಲಿನ ಕೂಸುಗಳು ಹುಟ್ಟುವಾಗಲೇ ಚಿಕ್ಕವು, ಕೈಕಾಲು ಸಣ್ಣ, ಆದರೆ ಬೆನ್ನಿನ ಮೇಲಿನ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆ ಇಲ್ಲ. ಅದಕ್ಕೇ ನಮ್ಮವರಿಗೆ ಬಿಎಂಐ 23 ದಾಟಿದರೆ ಎಚ್ಚರ, 25 ದಾಟಿದರೆ ಬೊಜ್ಜು ಅನ್ನುವ ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ.

ಡಯಾಲಿಸಿಸ್‌ನಿಂದ ಬಂದವರ ತೂಕ ಇನ್ನೂ ಮೋಸಗಾರ. ಅಲ್ಲಿ ತೂಕ ಅಂದರೆ ಅರ್ಧ ಮಾತು ನೀರಿನದೇ, ಎರಡು ಡಯಾಲಿಸಿಸ್ ನಡುವೆ ಎಷ್ಟು ಕೆಜಿ ನೀರು ಏರಿತು ಅಂತ. ಕಸಿಯಾದ ಮೇಲೆ ನೀರು ಇಳಿಯುತ್ತದೆ, ಕೊಬ್ಬು ಏರುತ್ತದೆ, ತೂಕದ ಮುಳ್ಳು ಮಾತ್ರ ಇದ್ದಲ್ಲೇ ನಿಂತಿರುತ್ತದೆ. ತಿಂಗಳು ಕಳೆದ ಮೇಲೆ ನೋಡಿದರೆ ಹಳೇ ಪ್ಯಾಂಟಿನ ಗುಂಡಿ ಹಾಕಲು ಆಗುವುದಿಲ್ಲ. ತಿನ್ನುವುದನ್ನು ತಪ್ಪು ಅನ್ನಲೂ ಮನಸ್ಸು ಬರುವುದಿಲ್ಲ. ವರ್ಷಗಟ್ಟಲೆ ಎಳನೀರು ಮುಟ್ಟುವ ಹಾಗಿರಲಿಲ್ಲ, ಬಾಳೆಹಣ್ಣು ಇಲ್ಲ, ತರಕಾರಿ ಬೇಯಿಸಿ ನೀರು ಬಸಿದು ಸಪ್ಪೆ ಪಲ್ಯ ತಿಂದು, ನೀರನ್ನೂ ಲೋಟದಲ್ಲಿ ಅಳೆದು ಕುಡಿದವರು. ಈಗ ಡಾಕ್ಟರ್ ಪರವಾಗಿಲ್ಲ ತಿನ್ನಿ ಅಂದಿದ್ದಾರೆ, ಸ್ಟೀರಾಯ್ಡ್ ಬೇರೆ ಹಸಿವು ಏರಿಸಿದೆ, ಮನೆಯವರಿಗೆ ಬಡಿಸುವ ಸಂಭ್ರಮ. ನೆಂಟರು ಬರುವಾಗ ಒಂದು ಡಬ್ಬಿ ಮೈಸೂರು ಪಾಕ್ ಬೇರೆ.

ಇನ್ನು ಪರೀಕ್ಷೆ. ಇಲ್ಲಿ ಜನ ಎಡವುವುದು ಜಾಸ್ತಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಟೀರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯಾದ ಮೇಲೆ ನುಂಗುತ್ತಾರೆ. ಅದರ ಪ್ರಭಾವ ಜೋರಾಗುವುದು ಮಧ್ಯಾಹ್ನದ ಊಟದಿಂದ ಸಂಜೆಯವರೆಗೆ. ರಾತ್ರಿ ಕಳೆಯುವಷ್ಟರಲ್ಲಿ ಇಳಿದಿರುತ್ತದೆ. ಆದರೆ ನಾವು ಶುಗರ್ ನೋಡಿಸುವುದು ಯಾವಾಗ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಟ್ಯಾಕ್ರೋ ಲೆವೆಲ್ (ರಕ್ತದಲ್ಲಿ ಟ್ಯಾಕ್ರೋಲಿಮಸ್ ಎಷ್ಟಿದೆ ಅಂತ) ಮತ್ತು ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್‌ಗೆ ರಕ್ತ ಕೊಡುವಾಗಲೇ. 95 ಬರುತ್ತದೆ, ಎಲ್ಲರಿಗೂ ಸಮಾಧಾನ. ಅದೇ ಮನುಷ್ಯನ ಬೆರಳು ಚುಚ್ಚಿ ಸಂಜೆ 4ಕ್ಕೆ ನೋಡಿದರೆ 220 ಬರಬಹುದು. ಹಾಗಾಗಿ ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಕಸಿಯಾದ ಮೊದಲ ತಿಂಗಳುಗಳಲ್ಲಿ ಮಧ್ಯಾಹ್ನ ಊಟದ ನಂತರದ ಮತ್ತು ಸಂಜೆಯ ಶುಗರ್ ನೋಡಿ ಬರೆದಿಡುವುದು ಬಹಳ ಉಪಯೋಗ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮೊದಲ ಕೆಲವು ತಿಂಗಳು ಪೂರ್ತಿ ನಂಬುವ ಹಾಗಿಲ್ಲ. ಆ ಪರೀಕ್ಷೆ ಕೆಂಪು ರಕ್ತಕಣದ ಆಯಸ್ಸನ್ನು ನಂಬಿ ಲೆಕ್ಕ ಹಾಕುತ್ತದೆ. ರಕ್ತಹೀನತೆ, ಹೊರಗಿನಿಂದ ಹಾಕಿದ ರಕ್ತ, ರಕ್ತ ಹೆಚ್ಚಿಸುವ ಇಂಜೆಕ್ಷನ್ ಇವೆಲ್ಲ ಆ ಲೆಕ್ಕ ತಪ್ಪಿಸುತ್ತವೆ, ಇದ್ದದ್ದಕ್ಕಿಂತ ಕಡಿಮೆ ತೋರಿಸಿಬಿಡಬಹುದು. ಗಟ್ಟಿ ಪರೀಕ್ಷೆ ಅಂದರೆ 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ 2 ಗಂಟೆ ಬಿಟ್ಟು ನೋಡುವುದು. ಆಗ 200 ಅಥವಾ ಹೆಚ್ಚು ಬಂದರೆ ಶುಗರ್. ಖಾಲಿ ಹೊಟ್ಟೆಯದು 126 ಮುಟ್ಟಿದರೂ ಶುಗರ್. ಆಪರೇಷನ್ ಆದ ಮೊದಲ ವಾರಗಳಲ್ಲಿ ಹೆಚ್ಚು ಸ್ಟೀರಾಯ್ಡ್‌ನಿಂದ ಬಹುತೇಕ ಎಲ್ಲರಿಗೂ ಏರುತ್ತದೆ. ಅದಕ್ಕೆ ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಡುತ್ತಾರೆ, ಆದರೆ ಅಷ್ಟಕ್ಕೇ ನಿಮಗೆ ಶುಗರ್ ಕಾಯಿಲೆ ಅಂತ ಹಣೆಪಟ್ಟಿ ಹಚ್ಚುವುದಿಲ್ಲ. ಮೈ ಒಂದು ಹದಕ್ಕೆ ಬಂದ ಮೇಲೆ ಮತ್ತೆ ನೋಡಿ ತೀರ್ಮಾನಿಸುತ್ತಾರೆ.

ಇಷ್ಟು ಓದಿದವರಿಗೆ ಒಂದು ಆಸೆ ಹುಟ್ಟಬಹುದು: ಹಾಗಾದರೆ ಲ್ಯಾಬಿಗೆ ಹೋಗಿ ಅಡಿಪೋನೆಕ್ಟಿನ್ ಟೆಸ್ಟ್ ಮಾಡಿಸಿಬಿಡೋಣ. ಬೇಡ. ದುಡ್ಡು ದಂಡ. ಮೇಲೆ ಹೇಳಿದ ಹಾಗೆ ಅಂಕಿ ಬಂದರೂ ಅದನ್ನು ಓದುವುದು ಕಷ್ಟ, ಇಷ್ಟಕ್ಕಿಂತ ಕಡಿಮೆ ಇದ್ದರೆ ಹೀಗೆ ಮಾಡಿ ಅನ್ನುವ ಒಪ್ಪಿತ ನಿಯಮವೂ ಇಲ್ಲ. ಸದ್ಯಕ್ಕೆ ಅದು ಸಂಶೋಧಕರ ಕೈಯಲ್ಲಿರುವ ಉಪಕರಣ. ದರ್ಜಿಯ ಟೇಪು ನಿಮಗೆ ಅದಕ್ಕಿಂತ ಹೆಚ್ಚು ಹೇಳುತ್ತದೆ. ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಿರಿ. ತಿಂಗಳಿಗೊಮ್ಮೆ ಸಾಕು.

ಅಡಿಪೋನೆಕ್ಟಿನ್ ಏರಿಸುವ ಮಾತ್ರೆ ಇದೆಯಾ ಅಂದರೆ, ಇದೆ. ಪಯೊಗ್ಲಿಟಜೋನ್ ನೇರವಾಗಿ ಕೊಬ್ಬಿನ ಕಣದ ಮೇಲೆ ಕೆಲಸ ಮಾಡಿ ಅದನ್ನು ಏರಿಸುತ್ತದೆ, ಶುಗರೂ ಇಳಿಯುತ್ತದೆ. ಆದರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ, ಮೂಳೆ ಟೊಳ್ಳು ಮಾಡುತ್ತದೆ. ಸ್ಟೀರಾಯ್ಡ್‌ನಿಂದ ಆಗಲೇ ಮೂಳೆ ಸವೆದವರಿಗೆ ಇದನ್ನು ಕೊಡುವ ಮುಂಚೆ ಡಾಕ್ಟರುಗಳು ಎರಡು ಸಲ ಯೋಚಿಸುತ್ತಾರೆ. ಶುಗರಿನ ಬೇರೆ ಮಾತ್ರೆಗಳೂ ಇವೆ: ಕಿಡ್ನಿ ಚೆನ್ನಾಗಿದ್ದರೆ ಮೆಟ್‌ಫಾರ್ಮಿನ್ ಕೊಡಬಹುದು. ಲಿನಾಗ್ಲಿಪ್ಟಿನ್‌ಗೆ ಕಿಡ್ನಿ ನೋಡಿ ಡೋಸ್ ಬದಲಿಸುವ ಗೊಡವೆ ಇಲ್ಲ. 2012ರಲ್ಲಿ ವಿಯೆನ್ನಾದ ವೈದ್ಯರು ಇನ್ನೊಂದು ದಾರಿ ಹಿಡಿದರು. ಆಪರೇಷನ್ ಆದ ಕೂಡಲೇ, ಶುಗರ್ ಏರುವ ಸುಳಿವು ಸಿಕ್ಕಿದೊಡನೆ ಇನ್ಸುಲಿನ್ ಶುರು ಮಾಡಿ ಬೀಟಾ ಕಣಗಳಿಗೆ ವಿಶ್ರಾಂತಿ ಕೊಟ್ಟರು. 50 ಜನರ ಆ ಸಣ್ಣ ಅಧ್ಯಯನದಲ್ಲಿ ವರ್ಷದ ನಂತರ ಶುಗರ್ ಬಂದವರು ಬಹಳ ಕಡಿಮೆ. ಆಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಫಲಿತಾಂಶ ಅಷ್ಟು ಖಡಾಖಂಡಿತವಾಗಿ ಬರಲಿಲ್ಲ, ಆದರೂ ಅದರ ಹಿಂದಿರುವ ಯೋಚನೆ ಸರಿಯಾದದ್ದು ಅಂತಲೇ ನನಗನ್ನಿಸುತ್ತದೆ. ದಣಿದ ಕಣಕ್ಕೆ ಬೇಗ ಬಿಡುವು ಸಿಕ್ಕರೆ ಅದು ಉಳಿಯುವ ಸಾಧ್ಯತೆ ಹೆಚ್ಚು.

ಶುಗರ್ ಬಂತು ಅಂತ ಹೆದರಿ ಟ್ಯಾಕ್ರೋಲಿಮಸ್ ನೀವೇ ಕಡಿಮೆ ಮಾಡಿಕೊಳ್ಳುವ ಕೆಲಸ ಮಾತ್ರ ಮಾಡಬೇಡಿ. ಶುಗರ್‌ಗೆ ಔಷಧ ಇದೆ, ಕಳಕೊಂಡ ಕಿಡ್ನಿಗೆ ಮತ್ತೆ ಡಯಾಲಿಸಿಸ್ಸೇ ಗತಿ. ಡೋಸ್ ಬದಲಿಸುವುದು, ಸ್ಟೀರಾಯ್ಡ್ ಇಳಿಸುವುದು ನಿಮ್ಮ ಡಾಕ್ಟರ್ ತೀರ್ಮಾನ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯವೂ ಬೇಡ. ಆ ಶಕ್ತಿಯನ್ನು ಹದ್ದುಬಸ್ತಿನಲ್ಲಿಡಲೆಂದೇ ಅಲ್ವಾ ಇಷ್ಟೆಲ್ಲ ಮಾತ್ರೆ ನುಂಗುತ್ತಿರುವುದು. ಹಾಗೇ ಚಕ್ಕೋತ ಹಣ್ಣು. ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಿರಲಿ, ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರು ಅದರಿಂದ ದೂರ ಇರಬೇಕು. ಅದರಲ್ಲಿರುವ ಕೆಲವು ಅಂಶಗಳು ಕರುಳಿನಲ್ಲಿ ಈ ಔಷಧವನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ, ನುಂಗಿದ್ದು ಅದೇ ಡೋಸ್ ಆದರೂ ರಕ್ತದಲ್ಲಿ ಲೆವೆಲ್ ಏರುತ್ತದೆ. ಲೆವೆಲ್ ಏರಿದರೆ ಕಿಡ್ನಿಗೂ ಪೆಟ್ಟು, ಬೀಟಾ ಕಣಕ್ಕೂ ಪೆಟ್ಟು.

ಊಟದ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವುದೇ. ಒಂದೇ ಮಾತು: ಅನ್ನ ಬಿಟ್ಟು ಮುದ್ದೆ ಹಿಡಿದೆ ಅನ್ನುವವರು ಮುದ್ದೆಯ ಗಾತ್ರ ನೋಡಿಕೊಳ್ಳಬೇಕು, ಎರಡು ದೊಡ್ಡ ಮುದ್ದೆಯಲ್ಲೂ ಪಿಷ್ಟ ಬೇಕಾದಷ್ಟಿದೆ. ಹೊಲಿಗೆ ಮಾಗಿ ಡಾಕ್ಟರ್ ಒಪ್ಪಿದ ಮೇಲೆ ದಿನಾ ನಡಿಗೆ, ಆಮೇಲೆ ನಿಧಾನಕ್ಕೆ ಕೈಕಾಲಿಗೆ ಬಲ ಬರುವ ವ್ಯಾಯಾಮ. ಡಯಾಲಿಸಿಸ್‌ನಲ್ಲಿ ಕರಗಿದ ಸ್ನಾಯು ಮರಳಿದರೆ ಸಕ್ಕರೆ ಹೋಗಲು ಒಂದು ಜಾಗ ಸಿಗುತ್ತದೆ. ಒಳಗಿನ ಕೊಬ್ಬು ಮಾತ್ರ ಒಂದು ವಿಷಯದಲ್ಲಿ ಒಳ್ಳೆಯದು, ತೂಕ ಇಳಿಸಲು ಹೊರಟರೆ ಬೇಗ ಕರಗುತ್ತದೆ. ಅಡಿಪೋನೆಕ್ಟಿನ್ ಏರಬೇಕಾದರೂ ಅದೇ ದಾರಿ.

ಕಸಿಗೆ ಇನ್ನೂ ಹೆಸರು ಬರೆಸಿ ಕಾಯುತ್ತಿರುವವರು, ಅಥವಾ ಮನೆಯವರೇ ಕೊಡುತ್ತಾರೆ ಅಂತ ತಯಾರಿಯಲ್ಲಿ ಇರುವವರು, ಇದನ್ನೆಲ್ಲ ಆಪರೇಷನ್ ಆಗುವ ತನಕ ಮುಂದೂಡಬೇಕಾಗಿಲ್ಲ. ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಹತ್ತಿರ ಹೋದಾಗ ಮೂರು ವಿಷಯ ಕೇಳಿ, ಹೇಳಿ: ಗ್ಲೂಕೋಸ್ ಕುಡಿಸುವ ಪರೀಕ್ಷೆ ಈಗಲೇ ಮಾಡಿಸಬೇಕಾ, ಮನೆಯಲ್ಲಿ ಯಾರ್ಯಾರಿಗೆ ಶುಗರ್ ಇದೆ, ಹೊಟ್ಟೆಯ ಸುತ್ತಳತೆ ಎಷ್ಟಿದೆ. ಯಾವ ಮಾತ್ರೆ, ಎಷ್ಟು ಸ್ಟೀರಾಯ್ಡ್, ಎಷ್ಟು ಬೇಗ ಇಳಿಸಬೇಕು ಅಂತ ಅವರು ಲೆಕ್ಕ ಹಾಕುವಾಗ ಈ ಮಾಹಿತಿ ಕೈಯಲ್ಲಿರಲಿ.